ಸೂಟಿಯ ಮರುದಿನ

ಕೋವಿಡ್ ಅಲೆಗಳು ಇಳಿದ ಮೇಲಿನ ಎರಡನೇ ಚಳಿಗಾಲ. ರಾಯಚೂರಿನ ಒಂದು ಆಸ್ಪತ್ರೆಯಲ್ಲಿ ನಾನು ಶ್ವಾಸಕೋಶ ವಿಭಾಗದ ಮುಖ್ಯಸ್ಥೆಯಾಗಿದ್ದೆ. ನಿವೃತ್ತಿಗೆ ಇನ್ನೆರಡು ವರ್ಷ ಬಾಕಿ ಇತ್ತು. ನಮ್ಮ ಊರಿನಲ್ಲಿ ಚಳಿಗಾಲವೆಂದರೆ ಹತ್ತಿಯ ಕಾಲ. ಹತ್ತಿ ತುಂಬಿದ ಗಾಡಿಗಳು ರಸ್ತೆಯುದ್ದಕ್ಕೂ ನಿಂತಿರುತ್ತವೆ, ಜಿನ್ನಿಂಗ್ ಮಿಲ್ಲುಗಳು ಬಿಡುವಿಲ್ಲದೆ ಓಡುತ್ತವೆ, ನಮ್ಮ ಒಪಿಡಿಯ ಮುಂದೆ ಕೆಮ್ಮುವವರ ಸರತಿ ಮೆಟ್ಟಿಲಿನವರೆಗೆ ಬರುತ್ತದೆ. ವೈದ್ಯರು ತಮ್ಮ ಅನುಭವ ಬರೆಯುವಾಗ ಕರುಣೆಯಿಂದ ಶುರು ಮಾಡುವುದು ವಾಡಿಕೆ. ಈ ಪ್ರಕರಣದಲ್ಲಿ ನಾನು ಕೆಲಸ ಮಾಡಿದ್ದು ಕರುಣೆಯಿಂದಲ್ಲ, ಸೇಡಿನಿಂದ. ಅದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಸಲೀಸು.

ಹುಲಿಗೆಮ್ಮ ದೇವದುರ್ಗ ತಾಲೂಕಿನ ಮಸರಕಲ್ಲಿನವಳು. ಮೂವತ್ತರ ಆಚೀಚಿನ ವಯಸ್ಸು. ದೇವದುರ್ಗದ ರಸ್ತೆಯಲ್ಲಿರುವ ಒಂದು ಜಿನ್ನಿಂಗ್ ಮಿಲ್ಲಿನಲ್ಲಿ ನಾಲ್ಕು ಹಂಗಾಮಿನಿಂದ ದುಡಿಯುತ್ತಿದ್ದಳು. ಹತ್ತಿಯಿಂದ ಬೀಜ ಬೇರ್ಪಡಿಸುವ ಕೆಲಸಕ್ಕೆ ಜಿನ್ನಿಂಗ್ ಎನ್ನುತ್ತಾರೆ. ಯಂತ್ರಗಳಿಗೆ ಹತ್ತಿ ತುಂಬುವವರು ಹೆಂಗಸರು. ಆ ಹಾಲ್‌ನಲ್ಲಿ ಅರಳೆಯ ಧೂಳು ಎಷ್ಟಿರುತ್ತದೆಂದರೆ ಸಂಜೆ ಹೊರಬಂದವರ ರೆಪ್ಪೆಗೂದಲು ಬೆಳ್ಳಗಾಗಿರುತ್ತದೆ. ಹುಲಿಗೆಮ್ಮ ನನ್ನ ಮುಂದೆ ಕುಳಿತಾಗ ಒಂದು ವಾಕ್ಯ ಮುಗಿಸಲು ಎರಡು ಸಲ ಉಸಿರು ತೆಗೆದುಕೊಳ್ಳುತ್ತಿದ್ದಳು. ಜೊತೆಯಲ್ಲಿ ಬಂದಿದ್ದ ಅತ್ತೆ ಅಯ್ಯಮ್ಮ ಮಾತ್ರ ಉಸಿರು ಬಿಡದೆ ಮಾತಾಡಿದರು.

"ಮೊದ್ಲ ಈಕಿ ಬಾಯಿ ಮೂಸಿ ನೋಡ್ರಿ ಡಾಕ್ಟರಮ್ಮ. ಕದ್ದು ಬೀಡಿ ಸೇದ್ತಾಳ. ಮಿಲ್ಲಿನ ದೊಡ್ಡ ಡಾಕ್ಟರ ಹೇಳ್ಯಾರ."

"ನಾ ಬೀಡಿ ಮುಟ್ಟಿಲ್ರೀ," ಎಂದಳು ಹುಲಿಗೆಮ್ಮ. "ಮನ್ಯಾಗ ದಿನಾ ಬಾಯಿ ಮೂಸ್ತಾರ. ಗಂಡ ಮಾತ ಬಿಟ್ಟಾನ."

ದೊಡ್ಡ ಡಾಕ್ಟರು ಎಂಬ ಮಾತು ಕಿವಿಗೆ ಬಿದ್ದಾಗ ನನ್ನ ಕೈಯಲ್ಲಿದ್ದ ಪೆನ್ನು ನಿಂತಿತು. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಊರು ಅವರನ್ನು ಕರೆಯುತ್ತಿದ್ದುದೇ ಹಾಗೆ. ಎಪ್ಪತ್ತು ದಾಟಿದ್ದರೂ ನಾಲ್ಕೈದು ಮಿಲ್ಲುಗಳಿಗೆ ಸಲಹಾ ವೈದ್ಯರಾಗಿದ್ದರು. ನಲವತ್ತು ವರ್ಷಗಳ ಹಿಂದೆ ಅವರು ಮಾನ್ವಿಯಲ್ಲಿ ಹೊಸದಾಗಿ ದವಾಖಾನೆ ಇಟ್ಟಿದ್ದರು. ನನ್ನ ಅಮ್ಮಿ ಆಗ ಮಾನ್ವಿಯ ಒಂದು ಜಿನ್ನಿನಲ್ಲಿ ಕೂಲಿ. ಮಲ್ಲಟದಲ್ಲಿ ಹುಟ್ಟಿ, ಮಾನ್ವಿ ಬಜಾರಿನ ಬಳೆ ಅಂಗಡಿಯವನನ್ನು ಮದುವೆಯಾಗಿ ಬಂದವಳು. ಮೂರು ಹಂಗಾಮು ಕಳೆಯುವುದರೊಳಗೆ ಆಕೆಗೆ ಒಂದು ಕೊಡ ನೀರು ಎತ್ತುವುದಕ್ಕೂ ಆಗದಾಯಿತು. ಅಬ್ಬಾ ಆಕೆಯನ್ನು ಈ ಡಾಕ್ಟರ ಹತ್ತಿರ ಕರೆದೊಯ್ದರು. ಅವರು ಅಮ್ಮಿಯನ್ನು ಏನೂ ಕೇಳಲಿಲ್ಲ. ಅಬ್ಬಾನ ಕಡೆ ತಿರುಗಿ, "ಬೀಡಿ ಸೇದ್ತಾಳ. ಬಿಡಿಸು" ಎಂದರು. ಅಷ್ಟೇ.

ಬೀಡಿ ಎಂದರೆ ಮೂಗು ಮುಚ್ಚಿಕೊಳ್ಳುತ್ತಿದ್ದ ಹೆಂಗಸು ಆಕೆ. ಆದರೆ ಅಬ್ಬಾ ಡಾಕ್ಟರ ಮಾತು ನಂಬಿದರು. ಅಮ್ಮಿಯ ಟ್ರಂಕು ಹುಡುಕಿದರು, ಕೂಲಿಗೆ ಹೋಗುವಾಗ ಸೆರಗಿನ ಗಂಟು ಬಿಚ್ಚಿಸಿ ನೋಡಿದರು, ಹಾಸಿಗೆಯನ್ನು ಹೊರಗಿನ ಕೋಣೆಗೆ ಹಾಕಿಕೊಂಡರು. ನಾನು ಪಿಯುಸಿ ಓದುವಾಗ ಅಮ್ಮಿ ತೀರಿಕೊಂಡಳು. ಸಾಯುವವರೆಗೂ ಆಕೆಯ ಮೇಲೆ ಆ ಸುಳ್ಳು ಕುಳಿತಿತ್ತು. ನಾನು ಡಾಕ್ಟರಾದದ್ದು ಬಡವರ ಸೇವೆಗೆ ಎಂದು ಸನ್ಮಾನದ ಸಭೆಗಳಲ್ಲಿ ಹೇಳುತ್ತಾರೆ. ನಾನು ತಿದ್ದುವ ಗೋಜಿಗೆ ಹೋಗುವುದಿಲ್ಲ.

ಹುಲಿಗೆಮ್ಮನ ಕಫದ ಪರೀಕ್ಷೆಯಲ್ಲಿ ಕ್ಷಯ ಇರಲಿಲ್ಲ. ಎಕ್ಸ್‌ರೇ ಚೆನ್ನಾಗಿಯೇ ಇತ್ತು. ಅತ್ತೆಯನ್ನು ಹೊರಗೆ ಕೂರಿಸಿ, ಹತ್ತಿ ಕೆಲಸದವರಿಗೆಲ್ಲ ಕೇಳುವ, ರಜೆಯ ದಿನದ ಪ್ರಶ್ನೆಯನ್ನು ಕೇಳಿದೆ. "ಸೂಟಿ ದಿನ ಉಸಿರು ಹೆಂಗಿರ್ತದವ್ವಾ?"

"ಸೂಟಿ ದಿನ ಚೊಲೊ ಇರ್ತದ್ರಿ. ಮರುದಿನ ಜಿನ್ನಿಗೆ ಹೋದ್ನೆಂದ್ರ ಮಧ್ಯಾಹ್ನದಿಂದ ಎದಿಮ್ಯಾಗ ಕಲ್ಲಿಟ್ಟಂಗ ಆಕ್ಕದ. ಎಲ್ಲಾರ್ದೂ ಹಂಗ. ಅದಕ್ಕ ನಾವ ಮೇಸ್ತ್ರಿಗೆ ಕೇಳಿ ಆಯಿತವಾರದ ಸೂಟಿ ತಗಸೀವಿ."

ನಾನು ಕೇಳಿಸಿಕೊಂಡದ್ದು ಸರಿಯೇ ಎಂದು ಇನ್ನೊಮ್ಮೆ ಕೇಳಿದೆ. ಸರಿಯಾಗಿಯೇ ಇತ್ತು. ಸೂಟಿ ಮಾಡಿದರೆ ಎದೆ ಬಿಗಿಯುತ್ತದೆ, ಆದ್ದರಿಂದ ಸೂಟಿಯೇ ಬೇಡ ಎಂದು ಹೆಂಗಸರೇ ಕೇಳಿಕೊಂಡಿದ್ದರು. ಮಿಲ್ಲಿನ ಮಾಲೀಕ ಸಾವಕಾರ ದೊಡ್ಡ ಮನಸ್ಸು ಮಾಡಿ ಒಪ್ಪಿದ್ದ.

ಈ ಕಾಯಿಲೆಗೆ ಬಿಸಿನೋಸಿಸ್ ಎನ್ನುತ್ತಾರೆ. ಹತ್ತಿಯ ಧೂಳಿಗೆ ಶ್ವಾಸನಾಳಗಳು ಕುಗ್ಗುತ್ತವೆ. ಇದರ ಕುತಂತ್ರ ಇರುವುದು ಇಲ್ಲಿ: ಬಿಡುವಿನ ನಂತರ ಕೆಲಸಕ್ಕೆ ಬಂದ ಮೊದಲ ದಿನವೇ ಬಿಗಿತ ಹೆಚ್ಚು, ಆಮೇಲಿನ ದಿನಗಳಲ್ಲಿ ಕಡಿಮೆಯಾದಂತೆ ಕಾಣುತ್ತದೆ. ಹಾಗಾಗಿ ತಪ್ಪು ಧೂಳಿನ ಮೇಲೆ ಹೋಗದೆ ಸೂಟಿಯ ಮೇಲೆ ಹೋಗುತ್ತದೆ. ಸೂಟಿ ಇಲ್ಲದೆ ದುಡಿದರೆ ಮರುದಿನದ ಬಿಗಿತವೂ ಇಲ್ಲ, ಕಾಯಿಲೆಯ ಗುರುತೂ ಇಲ್ಲ. ಒಳಗೆ ಮಾತ್ರ ಹಾಳಾಗುತ್ತಲೇ ಇರುತ್ತದೆ. ಮೊದಲ ವರ್ಷಗಳಲ್ಲಿ ಧೂಳಿನಿಂದ ಹೊರಬಂದರೆ ಉಸಿರು ಬಹುಮಟ್ಟಿಗೆ ಮರಳುತ್ತದೆ, ತಡವಾದರೆ ಮರಳುವುದಿಲ್ಲ. ಹುಲಿಗೆಮ್ಮ ಆ ಗೆರೆಯ ಮೇಲೆ ನಿಂತಿದ್ದಳು. ಆಕೆಯನ್ನು ಹಾಲ್‌ನಿಂದ ಹೊರಗೆ ಹಾಕಿಸಬೇಕಿತ್ತು. ಬೀಡಿಯ ಮಾತು ಸುಳ್ಳಾಗದೆ ಮಿಲ್ಲಿನವರಾಗಲಿ ಮನೆಯವರಾಗಲಿ ನನ್ನ ಮಾತಿಗೆ ಸೊಪ್ಪು ಹಾಕುವಂತಿರಲಿಲ್ಲ.

ಇನ್‌ಹೇಲರ್ ಕೊಟ್ಟು ಕಳಿಸಿ, ನಾನು ಫೋನಿನ ಮುಂದೆ ಕುಳಿತೆ. ಆ ಮಿಲ್ಲಿನಲ್ಲಿ ವರ್ಷಕ್ಕೊಮ್ಮೆ ನಮ್ಮ ಆಸ್ಪತ್ರೆಯಿಂದ ಆರೋಗ್ಯ ಶಿಬಿರ ನಡೆಯುತ್ತಿತ್ತು. ದಿನ ಗೊತ್ತು ಮಾಡುತ್ತಿದ್ದವರು ದೊಡ್ಡ ಡಾಕ್ಟರು. ಯಾವಾಗಲೂ ಸೂಟಿಯಿಲ್ಲದ ವಾರಗಳ ನಡುವೆ, ಬೆಳಿಗ್ಗೆ ಯಂತ್ರ ಶುರುವಾಗುವ ಮೊದಲು. ಅಂಥ ಹೊತ್ತಿನಲ್ಲಿ ನೋಡಿದರೆ ಯಾರ ಉಸಿರಿನ ತೊಂದರೆಯೂ ಪೂರ್ತಿ ಗೊತ್ತಾಗುವುದಿಲ್ಲ. ಅವರು ಬೇಕೆಂದೇ ಹಾಗೆ ಮಾಡುತ್ತಿದ್ದರೋ ತಿಳಿಯದೆ ಮಾಡುತ್ತಿದ್ದರೋ ನಾನು ವಿಚಾರಿಸಲಿಲ್ಲ. ಎರಡೂ ನನಗೆ ಒಂದೇ ಆಗಿತ್ತು.

ನಮ್ಮ ಕಡೆ ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಬೆಳೆಗೆ ಚರಗದ ನೈವೇದ್ಯ ಚೆಲ್ಲಿ, ಸಜ್ಜಿ ಕಡಬು, ಭಜ್ಜಿ, ಪುಂಡಿಪಲ್ಯೆ ಉಂಡು ಹೊತ್ತು ಮುಳುಗಿದ ಮೇಲೆ ಮನೆಗೆ ಬರುತ್ತಾರೆ. ಅಂದು ಯಾವ ಸಾವಕಾರ ಕರೆದರೂ ಆಳು ಸಿಗುವುದಿಲ್ಲ. ಆ ಮಿಲ್ಲು ಹಂಗಾಮಿನಲ್ಲಿ ನಿಲ್ಲುತ್ತಿದ್ದುದು ಎಳ್ಳಮಾಸಿಯ ಹಿಂದಿನ ದಿನ ಮತ್ತು ಆ ದಿನ ಮಾತ್ರ. ನಾನು ದೊಡ್ಡ ಡಾಕ್ಟರಿಗೆ ಫೋನು ಹಚ್ಚಿ, ಜೇನಿನಲ್ಲಿ ಅದ್ದಿದ ದನಿಯಲ್ಲಿ ಮಾತಾಡಿದೆ. "ಸರ್, ಈ ಸಲ ಎಳ್ಳಮಾಸಿ ಸೂಟಿ ಮುಗಿದ ಮರುದಿನ ಇಡೋಣ್ರಿ. ಹೆಣ್ಮಕ್ಕಳು ಹೊಸ ಸೀರಿ ಉಟ್ಟಿರ್ತಾರ, ಪೇಪರಿನಾಗ ಫೋಟೊ ಚೊಲೊ ಬರ್ತದ." ಸಾವಕಾರನಿಗೆ ಫೋಟೊದ ಹುಚ್ಚು. ಮರುದಿನವೇ ಒಪ್ಪಿಗೆ ಬಂತು.

ಶಿಬಿರದ ದಿನ ಬೆಳಿಗ್ಗೆ ಎಲ್ಲರಿಂದಲೂ ಪೀಕ್ ಫ್ಲೋ ಮೀಟರ್ ಊದಿಸಿದೆವು. ಅದೊಂದು ಸಣ್ಣ ಕೊಳವೆ. ಜೋರಾಗಿ ಊದಿದಾಗ ಗಾಳಿ ನಿಮಿಷಕ್ಕೆ ಎಷ್ಟು ಲೀಟರ್ ವೇಗದಲ್ಲಿ ಹೊರಬಂತು ಎಂದು ತೋರಿಸುತ್ತದೆ. ಹುಲಿಗೆಮ್ಮನದು 310 ಬಂತು. ಹೊಲದ ಗಾಳಿ ಕುಡಿದು ಬಂದಿದ್ದಳು, ಅವಳ ಮಟ್ಟಿಗೆ ಅದು ಒಳ್ಳೆಯ ಅಂಕಿ. ದೊಡ್ಡ ಡಾಕ್ಟರು ಕುರ್ಚಿಯಲ್ಲಿ ಕುಳಿತು ತಲೆಯಾಡಿಸಿದರು. ಫೋಟೊ ಆಯಿತು. "ಸಂಜೀಗೆ ಹಣ್ಣು ಹಂಚೂದು ಅದ, ಇರ್ರಿ ಸರ್" ಎಂದು ಅವರನ್ನು ಉಳಿಸಿಕೊಂಡೆ.

ಸಂಜೆ ದಿನದ ಕೆಲಸ ಮುಗಿದ ಮೇಲೆ, ಹಣ್ಣಿನ ಬುಟ್ಟಿಯ ಪಕ್ಕದಲ್ಲೇ ಮತ್ತೆ ಊದಿಸಿದೆ. ಹುಲಿಗೆಮ್ಮನದು 220ಕ್ಕೆ ಇಳಿದಿತ್ತು. ಊದಿದ ಮೇಲೆ ಗೋಡೆ ಹಿಡಿದು ನಿಂತಳು. ಹಾಲ್‌ನ ಹೆಂಗಸರಲ್ಲಿ ಹೆಚ್ಚಿನವರ ಅಂಕಿ ಬೆಳಗಿಗಿಂತ ಕೆಳಗೆ ಬಿದ್ದಿತ್ತು. ಸಾವಕಾರನ ಮುಖ ನೋಡಿ ದೊಡ್ಡ ಡಾಕ್ಟರು ತಮ್ಮ ಹಳೆಯ ದನಿ ತೆಗೆದರು. "ಹೊಲದಾಗ ಥಂಡಿ ಹತ್ತಿರ್ತದ. ಅರ್ಧ ಮಂದಿ ಬೀಡಿ ಸೇದ್ತಾರ ಬ್ಯಾರೆ."

ನಲವತ್ತು ವರ್ಷ ನಾನು ಕಾದಿದ್ದು ಆ ಒಂದು ಪದಕ್ಕೆ. ಮಿಲ್ಲಿನ ಹೊರಗೆ ಕಾಟಾದ ಹತ್ತಿರ, ಅಂದರೆ ಗಾಡಿ ತೂಗುವಲ್ಲಿ, ಇಬ್ಬರು ಹಮಾಲರಿದ್ದರು. ಎಚ್ಚರಿದ್ದಷ್ಟು ಹೊತ್ತೂ ಬಾಯಲ್ಲಿ ಬೀಡಿ. ಅವರನ್ನು ಬೆಳಿಗ್ಗೆಯೇ ಹುಡುಕಿ ಊದಿಸಿದ್ದೆ. ಈಗ ಎಲ್ಲರ ಎದುರು ಮತ್ತೆ ಊದಿಸಿದೆ. ಬೀಡಿ ಅವರಿಗೂ ಒಳ್ಳೆಯದೇನೂ ಮಾಡಿರಲಿಲ್ಲ, ಇಬ್ಬರದೂ ಕಡಿಮೆಯೇ. ಆದರೆ ಬೆಳಿಗ್ಗೆ ಎಷ್ಟಿತ್ತೋ ಸಂಜೆಯೂ ಅಷ್ಟೇ ಇತ್ತು.

"ಇವ್ರೂ ಅದ ಹೊಲಕ್ಕ ಹೋಗಿದ್ರು ಸರ್, ಅದ ಥಂಡ್ಯಾಗ ಕುಂತಿದ್ರು. ದಿನಾ ಬೀಡಿನೂ ಸೇದ್ತಾರ. ಇವ್ರ ಉಸಿರು ಯಾಕ ಇಳೀಲಿಲ್ಲ? ಬೀಡಿ ಮುಟ್ಟದ ಹೆಣ್ಮಕ್ಕಳದ ಯಾಕ ಇಳೀತು?"

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಉತ್ತರ ಅವರಿಗೆ ಗೊತ್ತಿತ್ತು, ಓದಿದವರೇ. ಸಾವಕಾರ ನಮ್ಮಿಬ್ಬರನ್ನು ಆಫೀಸಿಗೆ ಕರೆದು ಬಾಗಿಲು ಹಾಕಿದ. ನಾನು ಕುಳಿತುಕೊಳ್ಳಲಿಲ್ಲ. ಕಾರ್ಖಾನೆ ಕಾಯ್ದೆಯಲ್ಲಿ ಕೆಲವು ಕಾಯಿಲೆಗಳ ಪಟ್ಟಿ ಇದೆ, ಬಿಸಿನೋಸಿಸ್ ಅದರಲ್ಲಿದೆ. ಅಂಥ ರೋಗಿ ಕಂಡರೆ ವೈದ್ಯರು ಕಾರ್ಖಾನೆ ಇಲಾಖೆಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ದಂಡ. ಅದನ್ನು ಇಬ್ಬರಿಗೂ ನಿಧಾನವಾಗಿ ಹೇಳಿದೆ. ಹುಲಿಗೆಮ್ಮನನ್ನು ನಾಳೆಯಿಂದಲೇ ಕಾಟಾದ ಕೆಲಸಕ್ಕೆ ಹಾಕಬೇಕು ಎಂದೆ. ಸಾವಕಾರ ಗೋಣು ಹಾಕಿದ. ಆಮೇಲೆ ದೊಡ್ಡ ಡಾಕ್ಟರ ಕಡೆ ತಿರುಗಿದೆ.

"ನಾಳೆ ನನ್ನ ಜೋಡಿ ಮಸರಕಲ್ಲಿಗೆ ಬರ್ರಿ ಸರ್. ನಿಮ್ಮ ಬಾಯಿಂದ ಹೋದ ಮಾತು, ನಿಮ್ಮ ಬಾಯಿಂದ್ಲೇ ವಾಪಸ್ ಬರ್ಲಿ."

ಮಸರಕಲ್ಲಿಗೆ ಬಂದರೆ ಇಲಾಖೆಗೆ ವರದಿ ಹೋಗುವುದಿಲ್ಲ ಎಂದು ಅವರು ತಿಳಿದುಕೊಂಡಂತಿತ್ತು. ನಾನು ಹಾಗೆ ಹೇಳಿರಲಿಲ್ಲ. ವರದಿಯನ್ನು ಹಿಂದಿನ ಸಂಜೆಯೇ ಕಳಿಸಿ, ಬೆಳಿಗ್ಗೆ ಅವರನ್ನು ನಗುನಗುತ್ತಾ ಜೀಪಿಗೆ ಹತ್ತಿಸಿಕೊಂಡೆ.

ಅಯ್ಯಮ್ಮನ ಮನೆ ಮುಂದೆ ಅಕ್ಕಪಕ್ಕದವರು ಕೂಡಿದರು. ದೊಡ್ಡ ಡಾಕ್ಟರು ನಿಂತೇ ಹೇಳಿದರು. ಮೊದಲ ಸಲ ದನಿ ಏಳಲಿಲ್ಲ. "ಸರ್, ಹಿಂದಿನವ್ರಿಗೆ ಕೇಳವಲ್ದು" ಎಂದೆ. ಎರಡನೇ ಸಲ ಕೇಳಿಸಿತು. "ನಿಮ್ಮ ಸೊಸಿ ಬೀಡಿ ಸೇದಿಲ್ಲ. ಹತ್ತಿ ಧೂಳಿಂದ ಆದ ಬೇನಿ ಇದು. ನಾ ಹೇಳಿದ್ದು ತಪ್ಪು."

ಗಂಡ ತಲೆ ತಗ್ಗಿಸಿಕೊಂಡು ಒಳಗೆ ಹೋದ. ಅಯ್ಯಮ್ಮ ಸೊಸೆಯ ಕಡೆ ನೋಡದೆ, "ಎಲ್ಲಾರೂ ಕುಂದರ್ರಿ, ಚಾ ಇಡ್ತೀನಿ" ಎಂದರು. "ನೀವ್ ಕುಂದರ್ರಿ ಅತ್ತಿ, ನಾ ಇಡ್ತೀನಿ" ಎಂದು ಹುಲಿಗೆಮ್ಮ ಎದ್ದಳು. ಆಕೆ ಅಳಲಿಲ್ಲ. ದೊಡ್ಡ ಡಾಕ್ಟರ ಮುಂದಿನಿಂದಲೇ ಹಾದು ಹೋದಳು, ದಾರಿ ಬಿಡಬೇಕಾದದ್ದು ಅವರೇ. ನನಗೆ ಖುಷಿಯಾಯಿತು. ಮುಚ್ಚುಮರೆ ಏಕೆ, ಬಹಳ ಖುಷಿಯಾಯಿತು.

ಅಷ್ಟಕ್ಕೆ ನಿಲ್ಲಿಸಬಹುದಿತ್ತು. ರಾಯಚೂರಿಗೆ ಮರಳಿದ ಮೇಲೆ ಜೀಪನ್ನು ಅವರ ಮನೆಗೆ ಬಿಡದೆ ನನ್ನ ಮನೆಗೆ ತಿರುಗಿಸಿದೆ. ಎಂಬತ್ತು ದಾಟಿದ ಅಬ್ಬಾ ಪಡಸಾಲೆಯ ಮರದ ತಖ್ತಿನ ಮೇಲೆ ಕುಳಿತಿದ್ದರು. ಡಾಕ್ಟರನ್ನು ಕಂಡು ಗುರುತು ಹಿಡಿದು, ಎದ್ದು ಸಲಾಂ ಮಾಡಿದರು. ಅದನ್ನು ಕಂಡು ನನ್ನ ಮೈ ಉರಿಯಿತು.

"ಸರ್, ಅಲ್ಲಿ ಹೇಳಿದ್ದು ಇಲ್ಲೂ ಒಮ್ಮೆ ಹೇಳ್ರಿ. ಹೆಸರು ನೂರಜಹಾನ್. ನಮ್ಮ ತಾಯಿ. ಮಾನ್ವಿ ಜಿನ್ನಿನಾಗ ಇದ್ರು."

ದೊಡ್ಡ ಡಾಕ್ಟರು ನನ್ನ ಕಡೆ ತಿರುಗಿದರು. "ನನಗ ನೆನಪಿಲ್ಲಮ್ಮ."

"ನೆನಪು ಬ್ಯಾಡ. ಹೇಳ್ರಿ, ಸಾಕು."

ಹೇಳಿದರು. ನೂರಜಹಾನ್ ಬೀಡಿ ಸೇದಿರಲಿಕ್ಕಿಲ್ಲ, ಧೂಳಿನದೇ ಇರಬೇಕು ಎಂದರು. ಚಹಾ ಕುಡಿಯದೆ ಹೋದರು. ನಾನು ಅಬ್ಬಾನ ಮುಖ ನೋಡುತ್ತಾ ನಿಂತೆ. ಆ ಕ್ಷಣದಲ್ಲಿ ಅವರು ಕುಸಿಯಬೇಕು ಎಂದು ನನಗೆ ಆಸೆಯಿತ್ತು. ಅವರು ಕುಸಿಯಲಿಲ್ಲ. ಮಂಡಿಯ ಮೇಲಿನ ಕೈಗಳನ್ನು ನೋಡಿಕೊಳ್ಳುತ್ತಾ ನಮ್ಮ ಮನೆಮಾತಿನಲ್ಲಿ, ದಖನಿಯಲ್ಲಿ, ಮೆಲ್ಲಗೆ ಹೇಳಿದರು: ದವಾಖಾನೆಯಿಂದ ಬಂದ ಆ ರಾತ್ರಿ ಆಕೆ ಮಲಗಿದ ಮೇಲೆ ನಾನು ಬಾಯಿ ಮೂಸಿ ನೋಡಿದ್ದೆ ಬೇಟಾ. ಬೀಡಿಯ ವಾಸನೆ ಇರಲಿಲ್ಲ.

"ಮತ್ತೆ ಯಾಕೆ?" ಎಂದೆ.

"ಡಾಕ್ಟರ್ ಬೋಲ್ಯಾ ನಾ," ಎಂದರು. ಡಾಕ್ಟರು ಹೇಳಿದ್ದರಲ್ಲ.

ಹಂಗಾಮು ಮುಗಿಯುವ ಮೊದಲೇ ಕಾರ್ಖಾನೆ ಇಲಾಖೆಯ ಇನ್‌ಸ್ಪೆಕ್ಟರ್ ಬಂದರು. ಮಿಲ್ಲಿನಲ್ಲಿ ಧೂಳು ಎಳೆಯುವ ಫ್ಯಾನುಗಳು ಕುಳಿತವು, ಆಯಿತವಾರದ ಸೂಟಿ ಮರಳಿತು, ದೊಡ್ಡ ಡಾಕ್ಟರು ಮಿಲ್ಲುಗಳ ಕೆಲಸ ಬಿಟ್ಟರು. ಹುಲಿಗೆಮ್ಮ ಕಾಟಾದಲ್ಲಿದ್ದಾಳೆ. ಮುಂದಿನ ಎಳ್ಳಮಾಸಿಯ ಮರುದಿನ ಬೆಳಿಗ್ಗೆ ಮತ್ತು ಸಂಜೆ ಊದಿಸಿದಾಗ ಎರಡೂ ಹೆಚ್ಚುಕಡಿಮೆ 340 ಬಂದವು. ಅವಳ ವಯಸ್ಸಿಗೆ ಅದು ಪೂರ್ತಿಯಲ್ಲ. ಬೀಡಿ ಬೀಡಿ ಎಂದು ಕಳೆದ ಹಂಗಾಮುಗಳಲ್ಲಿ ಹೋದದ್ದು ಮರಳಿ ಬಂದಿಲ್ಲ.

ನಿವೃತ್ತಿಯ ದಿನ ಕಿರಿಯ ಡಾಕ್ಟರುಗಳು ಏನಾದರೂ ಬುದ್ಧಿಮಾತು ಹೇಳಿ ಎಂದರು. ಉಸಿರಿನ ತೊಂದರೆ ಎಂದು ಬಂದವರಿಗೆ ಏನು ಸೇದುತ್ತೀರಿ ಎಂದು ಕೇಳುವ ಮೊದಲು ಏನು ಕೆಲಸ, ಸೂಟಿಯ ದಿನ ಹೇಗಿರುತ್ತೀರಿ ಎಂದು ಕೇಳಿ ಎಂದೆ. ಇನ್ನೊಂದನ್ನೂ ಹೇಳಿದೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ. ನೀವು ಅಂದದ್ದು ರೋಗಿಯ ಜೊತೆ ಮನೆಗೆ ಹೋಗುತ್ತದೆ, ಅಲ್ಲಿ ಜನ ತಮ್ಮ ಮೂಗಿಗಿಂತ ನಿಮ್ಮ ಮಾತನ್ನು ಹೆಚ್ಚು ನಂಬುತ್ತಾರೆ.

ಅಬ್ಬಾ ಹೋದ ವರ್ಷ ತೀರಿಕೊಂಡರು. ದೊಡ್ಡ ಡಾಕ್ಟರು ಇದ್ದಾರೆ, ಬೆಳಗಿನ ವಾಕಿಂಗಿನಲ್ಲಿ ಎದುರಾದರೆ ಕೈ ಮುಗಿಯುತ್ತಾರೆ. ನಾನು ಈವರೆಗೆ ತಿರುಗಿ ಮುಗಿದಿಲ್ಲ.