ಪಾರ್ಸಲ್ಲಿನ ಕ್ಷೇಮಸಮಾಚಾರ

ನಮ್ಮ ಬೀದಿಯ ಅಂಚೆಯಣ್ಣ ಪಾರ್ಸಲ್ಲಿಗಿಂತ ಹೆಚ್ಚಾಗಿ ಪಾರ್ಸಲ್ಲಿನ ಕ್ಷೇಮಸಮಾಚಾರವನ್ನೇ ತರುತ್ತಾನೆ. ಜೊತೆಯವರೆಲ್ಲ ಕೆಲಸ ಬಿಟ್ಟ ಮೇಲೆ ಇಡೀ ಊರಿನ ಪೆಟ್ಟಿಗೆಗಳು ಅವನೊಬ್ಬನ ಪಾಲಿಗೆ ಬಂದು, ಕಚೇರಿಯಲ್ಲಿ ಸೂರು ಮುಟ್ಟುವಂತೆ ರಾಶಿ ಬಿದ್ದಿವೆ. ಮೇಲಿನಿಂದ ಹೊರಲಾದಷ್ಟನ್ನು ಹಂಚುತ್ತಾನೆ. ಅಡಿಯಲ್ಲಿ ಸಿಕ್ಕಿಕೊಂಡವುಗಳ ಬಗ್ಗೆ ಮನೆಮನೆಗೂ ವರದಿ ಒಪ್ಪಿಸುತ್ತಾನೆ. "ನಿಮ್ಮ ಮಿಕ್ಸಿ ಆರಾಮಾಗಿದೆ ಅಕ್ಕಾ. ನಿನ್ನೆ ಕಿಟಕಿ ಪಕ್ಕ ಜಾಗ ಸಿಕ್ತು, ಗಾಳಿ ಬೆಳಕು ಚೆನ್ನಾಗಿದೆ" ಎನ್ನುತ್ತಾನೆ. ಜಗಳಕ್ಕೆಂದೇ ಬಾಗಿಲಲ್ಲಿ ನಿಂತಿದ್ದ ಅಕ್ಕ, "ಮೇಲೆ ಭಾರ ಏನೂ ಇಟ್ಟಿಲ್ಲ ತಾನೇ?" ಎಂದು ಮೆತ್ತಗಾಗುತ್ತಾಳೆ. ದರ್ಜಿಯಂತೂ ಇನ್ನೂ ಮುಖ ನೋಡದ ತನ್ನ ಹೊಸ ಕತ್ತರಿಗೆ, "ನಾನು ಕೇಳಿದೆ ಅಂತ ಹೇಳಪ್ಪಾ" ಎಂದು ಹೇಳಿ ಕಳಿಸುತ್ತಾನೆ. ಮೂಲೆಮನೆಯ ಅಜ್ಜಿಯ ಹತ್ತಿರ ಮಾತ್ರ ಇದು ನಡೆಯುತ್ತಿರಲಿಲ್ಲ. ಅವಳಿಗೆ ಬರಬೇಕಾಗಿದ್ದುದೇ ಕಿವಿಗೆ ಹಾಕಿಕೊಳ್ಳುವ ಯಂತ್ರ. ಅದಿಲ್ಲದೆ ಯಾರ ಮಾತೂ ಅವಳಿಗೆ ಕೇಳಿಸದು. ಅಂಚೆಯಣ್ಣ ಗೇಟಿನ ಬಳಿ ನಿಂತು ಸೂರನ್ನೂ ರಾಶಿಯನ್ನೂ ಕೈಯಲ್ಲೇ ಅಭಿನಯಿಸಿ ತೋರಿಸುತ್ತಿದ್ದ; ಅಜ್ಜಿ ಪೆಟ್ಟಿಗೆಗಾಗಿ ಚಾಚಿದ ಕೈಯನ್ನು ಹಿಂತೆಗೆಯುತ್ತಿರಲಿಲ್ಲ. ಕಳೆದ ಭಾನುವಾರ, ರಜೆಯ ದಿನ, ಅವನು ಇಡೀ ರಾಶಿಯನ್ನು ಒಬ್ಬನೇ ಬಗೆದು, ತಳದಲ್ಲಿದ್ದ ಪುಟ್ಟ ಪೆಟ್ಟಿಗೆಯೊಂದನ್ನು ಹಿಡಿದು ಬಂದ. ಅಜ್ಜಿ ಯಂತ್ರವನ್ನು ಕಿವಿಗೆ ಸಿಕ್ಕಿಸಿಕೊಂಡು, ಅವನ ಎದೆಯ ಕಡೆ ತಲೆ ವಾಲಿಸಿ ಒಂದು ಗಳಿಗೆ ಆಲಿಸಿದಳು. "ಏನಪ್ಪಾ, ಇಷ್ಟೊಂದು ಏದುಸಿರು ಬಿಡ್ತಿದ್ದೀಯ. ಈ ಬೀದೀಲಿ ಯಾರೂ ನಿಂಗೆ ಕೂತ್ಕೋ ಅನ್ನಲಿಲ್ವಾ?" ಎಂದಳು. ಅವನು ವರದಿಯನ್ನೆಲ್ಲ ಬದಿಗಿಟ್ಟು ಮೆಟ್ಟಿಲ ಮೇಲೆ ಕೂತುಬಿಟ್ಟ.