ಐತಪ್ಪನ ಹೆಲಿಕಾಪ್ಟರಿಗೆ ಆಯುಧಪೂಜೆ

ಐತಪ್ಪ ಹೊಯ್ಯುತ್ತಿದ್ದ ಪೇಪರ್ ದೋಸೆ ಎಷ್ಟು ತೆಳುವೆಂದರೆ, ಅದನ್ನು ಮುಖಕ್ಕೆ ಅಡ್ಡ ಹಿಡಿದು ಆಚೆ ಕೂತವನ ದಿನಪತ್ರಿಕೆ ಓದಬಹುದಿತ್ತು. ಸರೋಜಿನಿ ನಗರದ ಗುಮಾಸ್ತನೊಬ್ಬ ಹಾಗೆಯೇ ಓದಿ ಇಲಾಖೆಯ ಪರೀಕ್ಷೆ ಪಾಸು ಮಾಡಿದ. ಇದನ್ನು ನಂಬದವರು ಆ ದೋಸೆ ತಿಂದವರಲ್ಲ, ಅಷ್ಟೇ.

ಕಾರ್ಕಳದ ಕಡೆಯ ಐತಪ್ಪ ಮೀಸೆ ಚಿಗುರುವ ಮೊದಲೇ ದಿಲ್ಲಿಗೆ ಬಂದು, ‘ಉಮಾವತಿ ಭವನ’ದ ದೋಸೆಕಲ್ಲಿನ ಮುಂದೆ ನಿಂತವನು. ಮೀಸೆ ನರೆತರೂ ಅಲ್ಲಿಂದ ಕದಲಿರಲಿಲ್ಲ. ಹೋಟೆಲು ಕಟ್ಟಿದ ಧಣಿ ತೀರಿಕೊಂಡ ಮೇಲೆ ಮಗ ಜಯಾನಂದ ಗಲ್ಲಾದಲ್ಲಿ ಕೂತ. ಸಾವಿರದ ಒಂಬೈನೂರ ಎಪ್ಪತ್ತೆಂಟರ ಬೇಸಗೆಯಲ್ಲಿ ರಸ್ತೆಯಾಚೆ ಲಾಲಾಜಿಯೊಬ್ಬ ಮೈದಾ ಪೂರಿಯಂಥ ಭಟೂರೆಯ ಅಂಗಡಿ ತೆರೆದು ಲೌಡ್‌ಸ್ಪೀಕರ್ ಹಚ್ಚಿದ. ಅವನ ಭಟೂರೆ ಒಂದೊಂದೂ ಕುತುಬ್ ಮಿನಾರಿಗೆ ಟೋಪಿಯಾಗುವಷ್ಟು ಉಬ್ಬುತ್ತಿತ್ತು. ಮೊದಲು ಗಿರಾಕಿಗಳು ರಸ್ತೆ ದಾಟಿದರು. ಆಮೇಲೆ ನಮ್ಮ ನೊಣಗಳೂ ದಾಟಿದವು.

“ಐತಪ್ಪಣ್ಣ, ದಸರಾವರೆಗೆ ನೋಡ್ತೇನೆ,” ಎಂದ ಜಯಾನಂದ, ತಲೆ ಎತ್ತದೆ. “ಆಮೇಲೆ ಬಾಗಿಲು ಹಾಕುವುದೇ.”

ಐತಪ್ಪ ಆ ದಿನ ಹೊಯ್ದ ದೋಸೆ ಮೊದಲ ಬಾರಿಗೆ ಸೀದಿತು. ಹೊಗೆಗೆ ಕಣ್ಣು ಮಂಜಾದ ಮುದಿ ಮಾಸ್ಟರನ್ನು ಬೇರೆ ಯಾವ ಹೋಟೆಲು ಕರೆಯುತ್ತದೆ? ಈ ಕಲ್ಲು ತಣ್ಣಗಾದರೆ ತಾನೂ ತಣ್ಣಗಾದಂತೆ ಎಂದು ಅವನಿಗೆ ಖಾತ್ರಿಯಿತ್ತು. ರಾತ್ರಿಯ ನಿದ್ದೆ ಹೋಯಿತು, ಹಗಲಿನ ಹಸಿವು ಹೋಯಿತು. ಆ ಖಾಲಿ ಜಾಗಕ್ಕೆ ಹೆಲಿಕಾಪ್ಟರ್ ಬಂತು.

ಗಣರಾಜ್ಯೋತ್ಸವದ ಪೆರೇಡಿನಲ್ಲಿ ಅವನು ನೋಡಿದ್ದ: ಹೆಲಿಕಾಪ್ಟರು ಹೂವು ಚೆಲ್ಲುತ್ತ ಬಂದಾಗ ಕತ್ತೆತ್ತದವನು ಒಬ್ಬನೂ ಇರಲಿಲ್ಲ. “ದಿಲ್ಲಿಯವರು ಕೂಗಿದರೆ ತಿರುಗುವುದಿಲ್ಲ ಧಣಿ, ಹಾರಿದರೆ ನೋಡ್ತಾರೆ. ಹೊಟ್ಟೆಗೆ ಪೇಪರ್ ದೋಸೆ ಕಟ್ಟಿಕೊಂಡು ಒಂದು ಹೆಲಿಕಾಪ್ಟರ್ ನಮ್ಮ ಬಾಗಿಲಲ್ಲಿ ಹಾರಿದರೆ?”

ಜಯಾನಂದ ಅವನ ಹಣೆ ಮುಟ್ಟಿ ನೋಡಿದ.

ಆದರೆ ದಿನವೂ ಇಡ್ಲಿಗೆ ಬರುವ ಲೋಧಿ ಕಾಲೋನಿಯ ಗುಮಾಸ್ತ ನಾರಾಯಣಸ್ವಾಮಿ ನಗಲಿಲ್ಲ. ರಾಯಭಾರ ಕಚೇರಿಯ ದೊರೆಯೊಬ್ಬ ದೇಶಕ್ಕೆ ಮರಳುವವನಿದ್ದ. ಅವನು ಮಾರಲಿಟ್ಟ ಸಾಮಾನಿನಲ್ಲಿ ನೆಲದಲ್ಲಿ ನಿಂತು ರೇಡಿಯೊದಿಂದ ಹಾರಿಸುವ ಎರಡು ಪುಟ್ಟ ಹೆಲಿಕಾಪ್ಟರುಗಳಿದ್ದವು. ಐತಪ್ಪನೂ ನಾರಾಯಣಸ್ವಾಮಿಯೂ ನೋಡಲು ಹೋದರು. ಒಂದು ಕೆಂಪಗೆ, ಗಾಜಿನ ಕಿಟಕಿ, ಒಳಗೆ ಬೊಂಬೆ ಪೈಲಟ್, ಮದುಮಗನ ಹಾಗಿತ್ತು. ಇನ್ನೊಂದು ಬರೀ ಎಲುಬು: ಕಡ್ಡಿ, ಚಕ್ರ, ಎಂಜಿನ್ನು, ಮರದ ರೆಕ್ಕೆ.

“ಹೊಸಬನಿಗೆ ಯಾವುದು ಅಂತ ಕೇಳಿ ಸ್ವಾಮಿ,” ಎಂದ ಐತಪ್ಪ.

ದೊರೆ ಹೇಳಿದ್ದನ್ನು ನಾರಾಯಣಸ್ವಾಮಿ ಕನ್ನಡಕ್ಕೆ ಇಳಿಸಿದ. “ಹೊಸಬ ಬೀಳಿಸಿಯೇ ಬೀಳಿಸ್ತಾನಂತೆ. ಕೆಂಪಿನದು ಬಿದ್ದರೆ ಒಳಗೆ ಏನು ಮುರಿಯಿತು ಅಂತ ಕಾಣೋದಿಲ್ಲ. ಎಲುಬಿನದಾದರೆ ಎಲ್ಲ ಕಣ್ಣೆದುರೇ. ಕಾಲಿಗೆ ಅಡ್ಡಡ್ಡ ಬಿದಿರು ಕಟ್ಟಿ, ಮಗುಚದ ಹಾಗೆ ಮಾಡಿ, ಬಾಲ ನಿಮ್ಮ ಕಡೆ ಇಟ್ಟುಕೊಂಡು ನೆಲದಿಂದ ಒಂದು ಗೇಣು ಮಾತ್ರ ಎತ್ತಿ ಕಲೀಬೇಕಂತೆ. ಎಂಜಿನ್ ಜೋರಾದಾಗ ಅದಕ್ಕೆ ಅಂಟಿದ ಈ ಬಟ್ಟಲೊಳಗಿನ ಪಟ್ಟಿಗಳು ಅಗಲವಾಗಿ ಬಟ್ಟಲನ್ನು ಹಿಡ್ಕೊಳ್ತವೆ, ಆಗ ರೆಕ್ಕೆ ತಿರುಗುತ್ತೆ. ಕಲಿಯೋಕೆ ತಿಂಗಳುಗಟ್ಟಲೆ ಬೇಕಂತೆ.”

“ತಿಂಗಳು ನಮ್ಮಲ್ಲಿಲ್ಲ, ಎಲುಬು ಕೊಡಲಿ,” ಎಂದ ಐತಪ್ಪ. ಆಯ್ಕೆ ಸರಿಯಾಗಿಯೇ ಇತ್ತು. ಪಾಪ, ಅವನು ಬದುಕಿನಲ್ಲಿ ತಪ್ಪಿದ್ದು ಯಾವತ್ತೂ ಆಯ್ಕೆಯಲ್ಲಲ್ಲ.

ಹೆಂಡತಿ ಲೋಲಾಕ್ಷಿ ಎದೆ ಹೊಡೆದುಕೊಂಡಳು. “ಊರಿಗೆ ಹೋಗಲು ಕೂಡಿಟ್ಟದ್ದನ್ನು ಗಾಳಿಗೆ ಹಾರಿಸಿದಿರಲ್ಲ ಮಾರಾಯ್ರೆ! ಇದರ ಮೇಲೆ ಕೂತು ಹೋಗುವುದಾ ಕಾರ್ಕಳಕ್ಕೆ?”

“ಹೋಟೆಲು ಉಳಿದರೆ ರೈಲಲ್ಲಿ ಹೋಗುವಾ. ಮುಳುಗಿದರೆ ಹೋಗಲಿಕ್ಕೆ ಮುಖವೇ ಇರುವುದಿಲ್ಲ, ಟಿಕೇಟು ಯಾಕೆ?”

ಅಂದಿನಿಂದ ನಸುಕಿನಲ್ಲಿ ಲೋಧಿ ಕಾಲೋನಿಯ ಬಯಲಿನಲ್ಲಿ ಕಲಿಕೆ ನಡೆಯಿತು. ಯಂತ್ರ ಒಂದು ಸಲ ಬೇವಿನ ಮರಕ್ಕೆ ನುಗ್ಗಿತು, ಒಂದು ಸಲ ಅಂಡರ್ ಸೆಕ್ರೆಟರಿಯ ಪಾಯಿಜಾಮಕ್ಕೆ. ಬಿದ್ದಾಗಲೆಲ್ಲ ಐತಪ್ಪ ಕಡ್ಡಿ ಕಟ್ಟಿ, ಅಂಟು ಮೆತ್ತಿ, ಮತ್ತೆ ನಿಂತ. ನವರಾತ್ರಿ ಮುಗಿಯುವ ಹೊತ್ತಿಗೆ ಅದು ಗೇಣೆತ್ತರದಲ್ಲಿ ನಡುಗುತ್ತ ನಿಲ್ಲತೊಡಗಿತು. ದೊರೆ ಕೊಟ್ಟ ಇಂಧನದ ಡಬ್ಬ ತಳ ಕಂಡಿತ್ತು.

ಆಯುಧಪೂಜೆಯ ದಿನ ಐತಪ್ಪ ದೋಸೆಕಲ್ಲು, ಸಟ್ಟುಗ, ರುಬ್ಬುವ ಯಂತ್ರ ಎಲ್ಲವನ್ನೂ ತೊಳೆದು, ಎಣ್ಣೆ ಸವರಿ, ಕುಂಕುಮವಿಟ್ಟ. ಅನ್ನ ಕೊಡುವ ಹತ್ಯಾರಿಗೆ ವರ್ಷಕ್ಕೊಮ್ಮೆ ಎಣ್ಣೆಸ್ನಾನ. ಬದುಕೆಲ್ಲ ಅದರ ಮೇಲೆ ನಿಂತಿರುವಾಗ ಹೆಲಿಕಾಪ್ಟರನ್ನು ಬಿಡುವುದುಂಟೇ? ಪ್ರತಿ ಸಂದಿಗೂ ಕೊಬ್ಬರಿ ಎಣ್ಣೆ ಉಣಿಸಿ ಚೆಂಡುಹೂವಿನ ಮಾಲೆ ಹಾಕಿದ.

ವಿಜಯದಶಮಿಯ ಬೆಳಿಗ್ಗೆ ಹೋಟೆಲಿನ ಮುಂದೆ ಅರ್ಧ ದಿಲ್ಲಿ ನೆರೆಯಿತು. ಉಳಿದರ್ಧ ಅವರ ಹೆಗಲ ಮೇಲಿತ್ತು. ಐತಪ್ಪ ಸುರುಳಿ ದೋಸೆಯನ್ನು ದಾರದಲ್ಲಿ ಕಟ್ಟಿ ಎಂಜಿನ್ ಚಾಲೂ ಮಾಡಿದ. ಅದು ಮೇರಠ್‌ಗೆ ಕೇಳುವ ಹಾಗೆ ಅರಚಿತು. ರೆಕ್ಕೆ ಮಾತ್ರ ಅಜ್ಜಿ ಬೀಸಣಿಗೆ ಬೀಸಿದಂತೆ ಸುತ್ತಿ, ನಿಂತಿತು.

“ಅರೆ ಮಾಸ್ಟರ್‌ಜೀ, ಇದು ಹೆಲಿಕಾಪ್ಟರಾ, ಟೇಬಲ್ ಫ್ಯಾನಾ?” ಯಾರೋ ಕೂಗಿದರು. ಜನ ನಕ್ಕರು. ನಕ್ಕರೆ ಹಸಿವಾಗುತ್ತದೆ, ಹಸಿದವರು ಭಟೂರೆ ತಿನ್ನಲು ರಸ್ತೆ ದಾಟಿದರು.

ಐತಪ್ಪ ಯಂತ್ರದ ಪಕ್ಕ ಕುಸಿದು ಕೂತ. ಜಯಾನಂದ ಬಂದು ಹೆಗಲ ಮೇಲೆ ಕೈಯಿಟ್ಟ. “ಇರಲಿ ಐತಪ್ಪಣ್ಣ. ಆಯ್ತು.”

ಆಗ ಐತಪ್ಪನ ಮೂಗಿಗೆ ಕಾದ ಕೊಬ್ಬರಿ ಎಣ್ಣೆಯ ವಾಸನೆ ಬಡಿಯಿತು. ಬಂದದ್ದು ಆ ಬಟ್ಟಲೊಳಗಿನಿಂದ. ಅವನು ಹಣೆ ಚಚ್ಚಿಕೊಂಡ. “ಅಯ್ಯೋ ಧಣಿ! ಕಲ್ಲಿಗೆ ಎಣ್ಣೆ ಹೆಚ್ಚಾದರೆ ಹಿಟ್ಟು ಹಿಡಿಯುತ್ತದಾ? ಜಾರುತ್ತದೆ. ಪಟ್ಟಿಯೂ ಬಟ್ಟಲಲ್ಲಿ ಜಾರಿದೆ. ಪೂಜೆ ಮಾಡಿ ನಾನೇ ಕೊಂದೆ!”

ಬಟ್ಟಲು ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದು, ಒಣಗಿಸಿ, ಮತ್ತೆ ಜೋಡಿಸುವಾಗ ಸಂಜೆಯಾಯಿತು. ಹೊಸ ದೋಸೆ ಹೊಯ್ದು ಕಟ್ಟಿ, ಡಬ್ಬದ ಕೊನೆಯ ಇಂಧನ ಸುರಿದ. ಎಂಜಿನ್ ಗುಡುಗಿತು, ರೆಕ್ಕೆ ಮಾಯವಾಗುವಷ್ಟು ಜೋರಾಗಿ ತಿರುಗಿತು, ಎಲುಬಿನ ಹಕ್ಕಿ ಗೇಣು ದಾಟಿ, ಆಳು ದಾಟಿ, ‘ಉಮಾವತಿ ಭವನ’ದ ಬೋರ್ಡಿನ ಎತ್ತರಕ್ಕೇರಿ ನಿಂತಿತು.

ನೋಡಲು ಒಬ್ಬ ಗಿರಾಕಿಯೂ ಇರಲಿಲ್ಲ. ಇಡೀ ದಿಲ್ಲಿ ದಸರಾದ ರಾವಣನ ಬೊಂಬೆ ಸುಡಲು ಮೈದಾನಕ್ಕೆ ಹೋಗಿತ್ತು. ಲೋಲಾಕ್ಷಿ ಬಾಯಿಗೆ ಸೆರಗು ಒತ್ತಿಕೊಂಡಳು. ಜಯಾನಂದ ಕಣ್ಣೊರೆಸಿಕೊಂಡ. ಖಾಲಿ ರಸ್ತೆಯಾಚೆ ಅಂಗಡಿ ಕಾಯುತ್ತ ಕೂತಿದ್ದ ಲಾಲಾಜಿ ಮಾತ್ರ ಕತ್ತೆತ್ತಿದ. ದಾರ ಹರಿದು ದೋಸೆ ಅವನ ಮಡಿಲಿಗೇ ಬಿತ್ತು. ಇಂಧನ ಮುಗಿದು ಯಂತ್ರ ರಸ್ತೆಗೆ ಅಪ್ಪಳಿಸಿತು.

ಲಾಲಾಜಿ ಎದುರು ಅಂಗಡಿಯ ದೋಸೆಯನ್ನು ಅದುವರೆಗೆ ತಿಂದವನಲ್ಲ. ಮುರಿದು ಬಾಯಿಗಿಟ್ಟ. ಪೂರ್ತಿ ತಿಂದ. ಆಮೇಲೆ ರಸ್ತೆ ದಾಟಿ ಬಂದ.

“ಮಾಸ್ಟರ್‌ಜೀ, ನಾಳೆಯಿಂದ ನಮ್ಮಲ್ಲಿ ದೋಸೆ ಹಾಕಿ. ಚಲೋ?”

ಐತಪ್ಪ ಧಣಿಯ ಮುಖ ನೋಡಿದ. ಪೂಜೆಯಲ್ಲಿ ಐತಪ್ಪ ದೇವರನ್ನು ಕೇಳಿಕೊಂಡದ್ದು ತನ್ನೊಬ್ಬನ ಹೊಟ್ಟೆಗಲ್ಲ, ಆ ಬೋರ್ಡು ಉಳಿಯಲೆಂದು.

“ಹೋಗಿ ಐತಪ್ಪಣ್ಣ,” ಎಂದ ಜಯಾನಂದ. “ಕಲ್ಲನ್ನೂ ತಗೊಂಡು ಹೋಗಿ. ಅಪ್ಪ ಇದ್ದಿದ್ದರೆ ಅದನ್ನೇ ಹೇಳ್ತಿದ್ದರು.”

ಜಯಾನಂದ ಹೋಟೆಲಿನ ಬಾಗಿಲು ಹಾಕಿ ಘಾಜಿಯಾಬಾದಿನ ಕಾರ್ಖಾನೆಯೊಂದರ ಕ್ಯಾಂಟೀನು ಸೇರಿದ. ಐತಪ್ಪ ರಸ್ತೆ ದಾಟಿದ, ಹಳೆಯ ಗಿರಾಕಿಗಳಾದ ನಾವೂ ಅವನ ಹಿಂದೆ ದಾಟಿದೆವು. ಅವನು ನಿಂತ ಜಾಗದಿಂದ ಹಳೆಯ ಬಾಗಿಲು ಕಾಣುತ್ತಿತ್ತು. ಅದಕ್ಕೇ ಇರಬೇಕು, ಹೊಯ್ಯುವಾಗ ತಲೆ ಎತ್ತುತ್ತಿರಲಿಲ್ಲ. ಮುಂದಿನ ಆಯುಧಪೂಜೆಗೆ ಲಾಲಾಜಿಯ ಅಂಗಡಿಯ ಹತ್ಯಾರಿಗೆಲ್ಲ ಎಣ್ಣೆ ಸವರಿದ. ಮೂಲೆಯಲ್ಲಿ ನೇತುಹಾಕಿದ್ದ ಮುರುಕು ಹೆಲಿಕಾಪ್ಟರಿಗೆ ಮಾತ್ರ ಒಣ ಬಟ್ಟೆ, ಒಂದು ಚಿಟಿಕೆ ಕುಂಕುಮ.