ಗೋವಿಂದ ಆರಿಸಿಕೊಟ್ಟ ಕೂಲರ್

ಗೋವಿಂದ ಯಾರ ಮನೆಗೆ ಹೋದರೂ ಮೊದಲು ವಿಚಾರಿಸುತ್ತಿದ್ದದ್ದು ಯಂತ್ರಗಳನ್ನು. ನಮ್ಮ ಜಗಲಿ ದಾಟಿ ಒಳಗೆ ಬಂದವನು, ನಾನು ಕುರ್ಚಿ ಎಳೆದು ಕೊಡುವ ಮೊದಲೇ ಫ್ರಿಜ್ಜಿನ ಬದಿಗೆ ಬೆರಳ ಹಿಂಭಾಗ ತಾಗಿಸಿ ತುಟಿಯಲ್ಲೇ ಎಣಿಸಲು ಶುರುಮಾಡುತ್ತಿದ್ದ. ಹತ್ತು ಎಣಿಸುವವರೆಗೆ ಬಿಸಿ ತಡೆದುಕೊಳ್ಳಲು ಸಾಧ್ಯವಾದರೆ ಯಂತ್ರ ಆರೋಗ್ಯವಾಗಿದೆ. ಐದಕ್ಕೇ ಕೈ ತೆಗೆಯಬೇಕಾಗಿ ಬಂದರೆ ಅದಕ್ಕೆ ಏನೋ ಆಗಿದೆ. ಫ್ರಿಜ್ಜು ಮುಗಿದ ಮೇಲೆ ಟಿವಿ, ಆಮೇಲೆ ಮಿಕ್ಸಿ, ಕೊನೆಗೆ ನಾನು.

ಅಂಗೈಯಿಂದ ಏಕೆ ಮುಟ್ಟುವುದಿಲ್ಲ ಎಂದು ಒಮ್ಮೆ ಕೇಳಿದೆ.

"ಅಂಗೈ ಆದ್ರೆ ಕರೆಂಟ್ ಹೊಡ್ದಲ್ಲೇ ಹಿಡ್ಕಂತ್ ಮಾಷ್ಟ್ರೆ, ಬಿಡೂದಿಲ್ಲೆ. ಹಿಂಬದಿ ಆದ್ರೆ ತನ್ನಷ್ಟಕ್ಕೆ ಹಿಂದ್ ಬತ್ತ್. ನಂಗೆ ಇನ್ನೂ ಮದಿ ಆಯ್ಲಿಲ್ಲೆ ಕಾಣಿ." ಮದುವೆಗೆ ಮೊದಲೇ ಸಾಯಲು ಅವನಿಗೆ ಮನಸ್ಸಿರಲಿಲ್ಲ.

ಗಂಗೊಳ್ಳಿಯ ಬಂದರಿನಲ್ಲಿ ಬೋಟುಗಳ ಇಂಜಿನ್ ರಿಪೇರಿ ಕಲಿತು, ಆಮೇಲೆ ಮುಂಬಯಿಗೆ ಹೋಗಿ ಕಂಪ್ಯೂಟರ್ ಅಂಗಡಿಯೊಂದರಲ್ಲಿ ಆರು ವರ್ಷ ಕಳೆದು ಊರಿಗೆ ಮರಳಿದವನು ಅವನು. ತಲ್ಲೂರಿನಲ್ಲಿ ಹೆದ್ದಾರಿಯ ಬದಿ, ಬಲೆ ಮಾರುವ ಅಂಗಡಿಯ ಮಾಳಿಗೆಯಲ್ಲಿ ಅವನ ಕಂಪ್ಯೂಟರ್ ರಿಪೇರಿ ಅಂಗಡಿ. ಕಂಪ್ಯೂಟರ್ ನಿಂತುಹೋದರೆ ಎಲ್ಲರೂ 'ಹ್ಯಾಂಗ್ ಆಯಿತು' ಎನ್ನುತ್ತಾರಲ್ಲ, ಅವನು ಹಾಗೆ ಹೇಳಿದವನಲ್ಲ. "ಉಸ್ರ್ ಕಟ್ಟಿತ್" ಎನ್ನುತ್ತಿದ್ದ. ಇಂಜಿನ್ನಾಗಲಿ ಪ್ರೊಸೆಸರ್ ಆಗಲಿ ಕೆಡುವುದು ಕೆಲಸದಿಂದಲ್ಲ, ಕೆಲಸದ ಬಿಸಿ ಹೊರಗೆ ಹೋಗದೆ ಇರುವುದರಿಂದ ಎಂಬುದು ಅವನ ಒಟ್ಟು ವಿದ್ಯೆ.

ಅವನ ಒಂದು ಗುಣ ಮಾತ್ರ ನನಗೆ ಸಹಿಸಲಾಗುತ್ತಿರಲಿಲ್ಲ. ನಾನು ಮೂವತ್ತೆರಡು ವರ್ಷ ಶಾಲೆಯಲ್ಲಿ ಡ್ರಿಲ್ ಮಾಸ್ತರನಾಗಿದ್ದವನು. ಸೀಟಿ ಊದಿದರೆ ಸಾಲು ನಿಲ್ಲಬೇಕು. ನಿವೃತ್ತನಾದ ಮೇಲೂ ಐದಕ್ಕೆ ಏಳುವುದು, ಒಂಬತ್ತರಿಂದ ಹನ್ನೆರಡು ಕೆಲಸ, ಹನ್ನೆರಡಕ್ಕೆ ಊಟ. ಗೋವಿಂದ "ಹತ್ ಗಂಟಿಗೆ ಬತ್ತೆ" ಎಂದರೆ ಹನ್ನೊಂದೂವರೆಗೆ ಬರುತ್ತಿದ್ದ. ಗಡಿಯಾರ ತೋರಿಸಿದರೆ, "ಹತ್ತಕ್ಕೆ ಹೊರ್ಟಿದ್ದೆ ಮಾಷ್ಟ್ರೆ, ದಾರಿಯಂಗೆ ನಾಲ್ಕ್ ಜನ ಮಾತಾಡ್ಸ್ರ್" ಎಂದು ನಗುತ್ತಿದ್ದ.

ನನ್ನ ಕೆಲಸ ಎಂದರೆ ಹಳೆಯ ವಿಡಿಯೊ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿ ಡಿಸ್ಕ್ ಮಾಡಿಕೊಡುವುದು. ಸಾಸ್ತಾನದ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ವಿಸಿಆರ್, ಕಂಪ್ಯೂಟರ್, ಒಂದು ಮೇಜು. ಸುತ್ತಲಿನ ಊರುಗಳ ಎಷ್ಟೋ ಮದುವೆಗಳನ್ನು ನಾನು ಹೀಗೆ ಕಿಟಕಿಯ ಪಕ್ಕ ಕುಳಿತೇ ನೋಡಿದ್ದೇನೆ.

ಒಂದು ದಿನ ಜಲಜಕ್ಕ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಒಂದು ಕ್ಯಾಸೆಟ್ಟು ತಂದಳು. ಅವಳು ನಮ್ಮ ಓಣಿಗೆ ದಿನಾ ಎಂಟೂವರೆಗೆ ಮೀನು ತರುವವಳು. ಸಮಯಪಾಲನೆಯಲ್ಲಿ ನನಗೆ ಸರಿಸಮ. ಬುಟ್ಟಿ ಇಳಿಸಿ, ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಆಮೇಲೆ ಚೀಲ ಬಿಚ್ಚಿದಳು.

"ಇದ್ರೊಳ್ಗೆ ನನ್ ತಮ್ಮ ಇದ್ದ ಮಾಷ್ಟ್ರೆ."

೧೯೯೭ರಲ್ಲಿ ನಡೆದ ಅವಳ ತಂಗಿಯ ಮದುವೆಯ ಕ್ಯಾಸೆಟ್ಟು ಅದು. ಮಾರನೆಯ ವರ್ಷ ತಮ್ಮ ಮೀನು ಹಿಡಿಯಲು ಹೋದವನು ಸಮುದ್ರದಿಂದ ಮರಳಲಿಲ್ಲ. ಜಲಜಕ್ಕನ ಮಗಳು ಸುಮಿತ್ರೆಗೆ ಈಗ ಮದುವೆ, ಇನ್ನು ಇಪ್ಪತ್ತು ದಿನ. ಹುಡುಗಿಯನ್ನು ಮಂಟಪಕ್ಕೆ ಕರೆತರಬೇಕಾದ ಸೋದರಮಾವ ಅವನೇ. "ಬದ್ಲಿಗೆ ನಮ್ ದೊಡ್ಡಪ್ಪನ ಮಗ ಬತ್ತ. ಆದ್ರೂ ಒಂದ್ಸಲ ಮಾವ ನಡಿಯೂದ್ ಕಾಣ್ಬೇಕ್ ಅಂತ್ಳ್ ಮಗ್ಳ್. ಅವ್ಳಿಗೆ ಮುಖ ಸರೀ ನೆನ್ಪಿಲ್ಲೆ."

ಕ್ಯಾಸೆಟ್ಟಿನ ಬಾಗಿಲು ಎತ್ತಿ ನೋಡಿದೆ. ಟೇಪಿನ ಅಂಚಿಗೆ ಬಿಳಿ ಬೂಸ್ಟು. ನಾಜೂಕಾಗಿ ಒರೆಸಿ ಐದು ನಿಮಿಷ ಓಡಿಸಿದಾಗ ವಿಸಿಆರ್‌ನ ಒಳಗೆ ಕಂದು ಪುಡಿ ಉದುರಿತು. ಸಾಲದ್ದಕ್ಕೆ ನನ್ನ ಕಂಪ್ಯೂಟರ್ ಚಿತ್ರಗಳ ಹಿಂದೆ ಓಡಲಾರದೆ ನಡುನಡುವೆ ಕೆಲವನ್ನು ಬಿಟ್ಟುಬಿಡುತ್ತಿದ್ದುದರಿಂದ, ವಾಲಗದವರೆಲ್ಲ ಕುಪ್ಪಳಿಸುತ್ತಾ ಬರುವಂತೆ ಕಂಡಿತು. ಟೇಪನ್ನು ನಿಲ್ಲಿಸಿ ಗೋವಿಂದನಿಗೆ ಫೋನ್ ಮಾಡಿದೆ.

ಅವನು ಬಂದು, ಎಂದಿನ ಉಪಚಾರಗಳನ್ನೆಲ್ಲ ಮುಗಿಸಿ, ಪುಡಿಯನ್ನು ಬೆರಳಿಗೆ ಹಚ್ಚಿ ನೋಡಿದ.

"ಇದ್ ಒಂದೇ ಸಲ ಓಡೂದ್ ಮಾಷ್ಟ್ರೆ. ಎರಡ್ನೇ ಸಲಕ್ಕೆ ನಾ ಜವಾಬ್ದಾರಿ ಅಲ್ಲ."

"ಕಂಪ್ಯೂಟರ್ ಹಿಂದೆ ಬೀಳ್ತದಲ್ಲ?"

"ಪ್ರೊಸೆಸರ್ ಓಡ್ಸ್‌ವ. ಓವರ್‌ಕ್ಲಾಕ್ ಮಾಡೂದ್. ಸೆಟ್ಟಿಂಗ್‌ನಂಗೆ ವೇಗ ಏರ್ಸಿರೆ ಆಯ್ತ್."

ಕಂಪನಿ ಗೊತ್ತು ಮಾಡಿದ ವೇಗವನ್ನು ಮೀರುವುದು ನನಗೆ ಸರಿ ಕಾಣಲಿಲ್ಲ. ಹಾಗೆಂದೆ.

"ಹ್ವಾಯ್, ನೀವ್ ಮಕ್ಕಳ್ನ ಮೈದಾನಕ್ಕೆ ನಾಲ್ಕ್ ಸುತ್ತ್ ಹೆಚ್ಚ್ ಓಡ್ಸ್ಲಿಲ್ದಾ? ಯಾರ್ ಸತ್ರ್? ಬೆವ್ರ್ ಆರೂಕೆ ಗಾಳಿ ಬೇಕ್, ಅಷ್ಟೆ. ಈಗ ಇಪ್ಪ ಕೂಲರ್ ಸಾಲೂದಿಲ್ಲೆ. ನಾಳೆ ಅಂಗಡಿಗೆ ಬನ್ನಿ, ಬೇರೆ ಆರ್ಸುವ."

ಕೂಲರ್ ಎಂದರೆ ಪ್ರೊಸೆಸರಿನ ಬೆನ್ನ ಮೇಲೆ ಕುಳಿತು ಅದರ ಬಿಸಿಯನ್ನು ಹೀರಿ ಹೊರಹಾಕುವ ಲೋಹದ ಗೂಡು, ಅದಕ್ಕೊಂದು ಫ್ಯಾನು. ಮರುದಿನ ಗೋವಿಂದ ಮೂರು ಕೂಲರ್‌ಗಳನ್ನು ಮೇಜಿನ ಮೇಲೆ ಇಟ್ಟ. ಒಂದು ಬರೀ ಅಲ್ಯೂಮಿನಿಯಂನದು, ನೀಲಿ ದೀಪದ ಫ್ಯಾನು, ನೋಡಲು ಬಲು ಚಂದ. ಇನ್ನೊಂದು ಗೋಪುರದಂತೆ ಎತ್ತರ, ತಾಮ್ರದ ಆರು ಕೊಳವೆ, ಕಾಗದ ಜೋಡಿಸಿದಂತೆ ಒತ್ತೊತ್ತಾದ ತೆಳು ತಗಡುಗಳು. ಮೂರನೆಯದೂ ಗೋಪುರವೇ, ಆದರೆ ಕೊಳವೆ ನಾಲ್ಕೇ, ತಗಡುಗಳೂ ಕಡಿಮೆ. ಪೆಟ್ಟಿಗೆಗಳ ಮೇಲಿನ ಅಂಕಿಗಳನ್ನು ಓದಿ ನಾನು ಆರು ಕೊಳವೆಯದರ ಕಡೆ ಬೆರಳು ಮಾಡಿದೆ.

ಗೋವಿಂದ ಮೆಟ್ಟಿಲು ಇಳಿದುಹೋದ. ಬಲೆ ಅಂಗಡಿಯಿಂದ ಬಿದಿರಿನ ಒಂದು ಚಪ್ಪಟೆ ಚೂರು ಹಿಡಿದುಕೊಂಡು ಬಂದ. ಬಲೆ ನೇಯುವವರು ಕಣ್ಣುಗಳ ಅಳತೆ ತಪ್ಪದಂತೆ ಇಟ್ಟುಕೊಳ್ಳುವ ಚೂರು ಅದು. ಅದರ ತೆಳ್ಳಗಿನ ತುದಿಯನ್ನು ಆರು ಕೊಳವೆಯದರ ತಗಡುಗಳ ನಡುವೆ ತೂರಿಸಲು ನೋಡಿದ, ಹೋಗಲಿಲ್ಲ. ನಾಲ್ಕು ಕೊಳವೆಯದರಲ್ಲಿ ಸಲೀಸಾಗಿ ಹೋಯಿತು.

"ಕಣ್ಣ್ ಸಣ್ಣ ಆದ ಬಲಿಗೆ ಕಸವೂ ಬೀಳತ್ ಮಾಷ್ಟ್ರೆ. ನಿಮ್ ಮನಿ ಹೆದ್ದಾರಿ ಬದಿ, ಕೆಂಪ್ ಧೂಳ್. ಮೇಲಿಂದ ಕಡಲ್ ಗಾಳಿ, ಉಪ್ಪಿನ ಪಸೆ. ಎರಡೂ ಸೇರ್ರೆ ಒಂದೇ ಮಳಿಗಾಲಕ್ಕೆ ಗೋಡಿ ಕಟ್ಟಿದಾಂಗ್ ಆತ್ತ್. ಪೆಟ್ಟಿಗಿ ಮೇಲೆ ಬರ್ದವ್ರ್ ಸಾಸ್ತಾನ ಕಂಡಿದ್ರಾ?"

ನೀಲಿ ದೀಪದ್ದನ್ನು ಪಕ್ಕಕ್ಕೆ ಸರಿಸಿದ. "ಇದ್ ಮದಿಮನಿಗೆ ಲಾಯ್ಕ್." ನಾಲ್ಕು ಕೊಳವೆಯದನ್ನು ಅಂಗೈಯಲ್ಲಿ ತೂಗಿ, ಭಾರಕ್ಕೆ ಮದರ್‌ಬೋರ್ಡ್ ಬಾಗದಂತೆ ಹಿಂದಿನಿಂದ ಪಟ್ಟಿ ಕೊಟ್ಟು ಸ್ಕ್ರೂ ಹಾಕಬೇಕೆಂದ. ಅದರ ಫ್ಯಾನು ದೊಡ್ಡದು, ನಿಧಾನವಾಗಿ ತಿರುಗುವಂಥದ್ದು, ಸದ್ದಿಲ್ಲ. ಎಲ್ಲ ಸರಿ, ಮನೆಗೆ ತಂದು ಕೂರಿಸಿದಾಗ ಮಾತ್ರ ಅದು ಕ್ಯಾಬಿನೆಟ್ಟಿನಿಂದ ಒಂದು ಬೆರಳು ಹೊರಗೆ ಬಂತು. ಪಕ್ಕದ ತಗಡು ಮುಚ್ಚಲಿಲ್ಲ.

"ಅಗಲ ಅಳೆಯಲಿಲ್ಲವೇನೋ?" ಎಂದೆ.

"ಅದ್ ಮರ್ತೇ ಹೋಯ್ತ್" ಎಂದು ತಲೆ ತುರಿಸಿಕೊಂಡ. "ತೆರ್ದೇ ಇರ್ಲಿ. ಸೆಕಿ ಕಾಲ, ನಮ್ಗೂ ಅಂಗಿ ಬ್ಯಾಡ."

ವೇಗವನ್ನು ಒಂದೇ ಸಲಕ್ಕೆ ಏರಿಸಬಾರದು ಎಂದು ಹೇಳಿಕೊಟ್ಟ. ಸ್ವಲ್ಪ ಏರಿಸುವುದು, ಇಡೀ ದಿನ ದುಡಿಸುವುದು, ಗಂಟೆಗೊಮ್ಮೆ ಪರದೆಯ ಮೇಲಿನ ಉಷ್ಣತೆ ಬರೆದಿಡುವುದು. ಬರೆದಿಡುವ ಕೆಲಸ ನನಗೆ ಹೇಳಿಮಾಡಿಸಿದ್ದು. ವೇಗ ಕಡಿಮೆ ಇದ್ದ ಮೊದಲ ಎರಡು ದಿನ ಎಲ್ಲ ಸುಸೂತ್ರ. ಮೂರನೆಯ ದಿನ ಮಧ್ಯಾಹ್ನ ಊಟ ಮುಗಿಸಿ ಬರುವಾಗ ಕಂಪ್ಯೂಟರ್ ತಾನಾಗಿ ಆರಿತ್ತು. ನಾಲ್ಕನೆಯ ದಿನವೂ ಹಾಗೆಯೇ. ಬೆಳಿಗ್ಗೆ ಅರುವತ್ತೆರಡು ಡಿಗ್ರಿ, ಊಟದ ಹೊತ್ತಿಗೆ ಉಸಿರು ಕಟ್ಟುವುದು. ಕೂಲರನ್ನೇ ತಪ್ಪಾಗಿ ಆರಿಸಿದ್ದಾನೆಂದು ನನಗೆ ಸಂಶಯ ಬಂತು. ಮದುವೆಗೆ ಹತ್ತು ದಿನ ಉಳಿದಿತ್ತು. ಫೋನಿನಲ್ಲಿ ಸ್ವಲ್ಪ ಬಿರುಸಾಗಿಯೇ ಮಾತಾಡಿದೆ.

ಗೋವಿಂದ ಬಂದು ಕೂಲರ್ ಬಿಚ್ಚಿ, ಬಿಸಿ ದಾಟಿಸಲು ಅದರಡಿ ಹಚ್ಚುವ ಪೇಸ್ಟ್ ಒರೆಸಿ ಮತ್ತೆ ಹಚ್ಚಿ, ಸ್ಕ್ರೂ ಬಿಗಿದ. ತಪ್ಪೇನೂ ಕಾಣಲಿಲ್ಲ. ಎದುರಿಗೇ ಓಡಿಸಿ ಕುಳಿತೆವು. ಹನ್ನೆರಡು ಹೊಡೆಯಿತು. ನಾನು ಎದ್ದೆ, ನನ್ನ ಹೆಂಡತಿ ಹೊಲಿದಿದ್ದ ಹೂವಿನ ಬಟ್ಟೆಯ ಮುಸುಕನ್ನು ಕ್ಯಾಬಿನೆಟ್ಟಿನ ಮೇಲೆ ಎಳೆದೆ, ಅಂಚು ಸರಿಮಾಡಿದೆ, ಕೈ ತೊಳೆಯಲು ಹೊರಟೆ.

"ಮಾಷ್ಟ್ರೆ, ಎಂತ ಮಾಡ್ತ್ರಿ?"

"ಊಟಕ್ಕೆ."

"ಅದಲ್ಲ. ಓಡ್ಕಂಡ್ ಬಂದವ್ನಿಗೆ ಕಂಬ್ಳಿ ಹೊದ್ಸೂದ್ ನಿಮ್ ಶಾಲೆಯಂಗೆ ಇತ್ತಾ?"

ಧೂಳು ಬೀಳಬಾರದೆಂದು ವರ್ಷಗಟ್ಟಲೆ ಹನ್ನೆರಡಕ್ಕೆ ಮುಚ್ಚಿ ಅಭ್ಯಾಸ. ಆಗೆಲ್ಲ ಯಂತ್ರ ಆರಿರುತ್ತಿತ್ತು. ಈಗ ಉರಿಯುತ್ತಿದೆ ಎಂಬುದು ನನ್ನ ಕೈಗಳಿಗೆ ಹೊಳೆದೇ ಇರಲಿಲ್ಲ. ಗೋವಿಂದ ಮುಸುಕನ್ನು ಮಡಚಿ ನನ್ನ ಹೆಂಡತಿಯ ಕೈಗೆ ಕೊಟ್ಟು, "ಮದಿ ಮುಗಿಯುವರಿಗೆ ಅಡಗ್ಸಿ ಇಡಿ ಅಮ್ಮ" ಎಂದ. ಆ ದಿನ ನಮ್ಮಲ್ಲೇ ಊಟ ಮಾಡಿದ. ನನ್ನ ಬಿರುಸು ಮಾತಿನ ಸುದ್ದಿಯನ್ನು ಅವನು ಎತ್ತಲೇ ಇಲ್ಲ.

ಟೇಪು ಇಳಿಸುವ ದಿನ ಅವನು ಎಂಟೂವರೆಗೇ ಬಂದು ನಿಂತಿದ್ದ. ನನ್ನ ಎರಡನೆಯ ಕಾಫಿ ಇನ್ನೂ ಆಗಿರಲಿಲ್ಲ. ಜಲಜಕ್ಕ ಬುಟ್ಟಿಯನ್ನು ಅಂಗಳದಲ್ಲೇ ಇಟ್ಟು ಬಾಗಿಲಿಗೆ ಒರಗಿ ಕುಳಿತಳು. ಮೊದಲ ಅರ್ಧ ಗಂಟೆ ಬರೀ ವಾಲಗ, ನೆಂಟರು. ಉಷ್ಣತೆ ಅರುವತ್ತನಾಲ್ಕಕ್ಕೆ ಏರಿ ಅಲ್ಲೇ ನಿಂತಿತು. ಒಂದು ಚಿತ್ರವೂ ತಪ್ಪಲಿಲ್ಲ. ನಲವತ್ತನೆಯ ನಿಮಿಷಕ್ಕೆ ಬಿಳಿ ಅಂಗಿಯ ತೆಳ್ಳಗಿನ ಯುವಕನೊಬ್ಬ, ಮೂರು ವರ್ಷದ ಸುಮಿತ್ರೆಯನ್ನು ಹೆಗಲ ಮೇಲೆ ಕೂರಿಸಿಕೊಂಡು, ಜನರ ನಡುವೆ ದಾರಿ ಬಿಡಿಸುತ್ತಾ ಕ್ಯಾಮೆರಾದ ಕಡೆಗೆ ನೇರ ನಡೆದು ಬಂದ. ಏನೋ ಹೇಳಿ ನಕ್ಕ. ಮಾತು ವಾಲಗದಲ್ಲಿ ಮುಳುಗಿತು.

ಜಲಜಕ್ಕ ಅಳಲಿಲ್ಲ. "ಆ ಅಂಗಿ ನಾನೇ ತೆಗ್ದ್ ಕೊಟ್ಟದ್ದ್" ಎಂದಳು.

ಆಮೇಲೆ ಹತ್ತು ನಿಮಿಷಕ್ಕೆ ಟೇಪು ತುಂಡಾಯಿತು. ಊಟದ ಭಾಗ ಹೋಯಿತು, ಹೋಗಲಿ.

ಮದುವೆಯ ಬಳಿಕ ಒಂದೇ ತಿಂಗಳಲ್ಲಿ ಗೋವಿಂದ ಅಂಗಡಿ ಖಾಲಿ ಮಾಡಿ ರತ್ನಾಗಿರಿಯ ಕಡೆಯ ಬೋಟುಗಳ ಜೊತೆ ಹೊರಟುಹೋದ. ಮೀನು ಗುರುತಿಸುವ ಯಂತ್ರಗಳ ರಿಪೇರಿ ಅಲ್ಲಿ ಅವನದೇ ಅಂತೆ, ಮನೆಯನ್ನೂ ಮಾಡಿಕೊಂಡಿದ್ದಾನಂತೆ. ಹೋಗುವ ದಿನ ಬರುತ್ತೇನೆ ಎಂದಿದ್ದ, ಬರಲಿಲ್ಲ. ದಾರಿಯಲ್ಲಿ ಯಾರೋ ನಾಲ್ಕು ಜನ ಮಾತಾಡಿಸಿರಬೇಕು.

ಹಾಗಾಗಿ ನಾನು ಅವನನ್ನು ಕೊನೆಗೆ ಕಂಡದ್ದು ಬಾರ್ಕೂರಿನಲ್ಲಿ ನಡೆದ ಸುಮಿತ್ರೆಯ ಮದುವೆಯಲ್ಲೇ. ಮಂಟಪದ ಪಕ್ಕದ ಟಿವಿಯಲ್ಲಿ ಮಾವ ನಡೆದು ಬಂದದ್ದನ್ನು ಸುಮಿತ್ರೆ ಎರಡು ಸಲ ಹಾಕಿಸಿ ನೋಡಿದಳು. ಆಮೇಲೆ ಜಲಜಕ್ಕನ ದೊಡ್ಡಪ್ಪನ ಮಗನ ಜೊತೆ ಎದ್ದು ಮಂಟಪಕ್ಕೆ ಹೋದಳು. ಊಟದ ಪಂಕ್ತಿಯಲ್ಲಿ ಗೋವಿಂದ ನನ್ನ ಬಲಕ್ಕೆ ಕುಳಿತಿದ್ದ. ಬಡಿಸುವವರು ದಾಟಿ ಹೋದ ಮೇಲೆ ಜಲಜಕ್ಕ ತಾನೇ ಪಾಯಸದ ಪಾತ್ರೆ ಹಿಡಿದು ಬಂದಳು. ಒಂದು ಸೌಟು ಹಾಕಿದಳು, ಮತ್ತೊಂದು ಹಾಕಿದಳು. ಮೂರನೆಯದಕ್ಕೆ ಅವನು ಎಲೆಗೆ ಕೈ ಅಡ್ಡ ಹಿಡಿದ.

"ಸಾಕ್ ಅಕ್ಕ, ಹೊಟ್ಟಿಯಂಗೆ ಜಾಗ ಇಲ್ಲೆ."

"ಕೈ ತೆಗಿ" ಎಂದಳು ಜಲಜಕ್ಕ. "ಇದ್ ನನ್ ತಮ್ಮನ ಪಾಲ್. ನೀನಲ್ದೆ ಯಾರ್ ಉಣ್ಣೂದ್?"

ಅವನು ಕೈ ತೆಗೆದ. ಅಷ್ಟನ್ನೂ ಉಂಡ.